ಐದು ಕಾರಣಗಳಲ್ಲಿ ನಿಮ್ಮದು ಯಾವುದು?

ಕೆನ್ ಲೋಚ್ ಸಿನೆಮಾ ಅಂದರೆ ಒಳ್ಳೆಯವರು ಯಾರು, ಕೆಟ್ಟವರು ಯಾರು ಅಂತ ಮೊದಲ ಕಾಲು ಗಂಟೆಯಲ್ಲೇ ಗೊತ್ತಾಗಿಬಿಡುತ್ತೆ ಅನ್ನೋದು ಹಳೇ ತಕರಾರು. ಬಡವರು ಒಳ್ಳೆಯವರು, ಸರ್ಕಾರಿ ಕಚೇರಿಯ ಕೌಂಟರಿನಾಚೆ ಕೂತವರು ಕೆಟ್ಟವರು. 2023ರಲ್ಲಿ ಬಂದ ಅವರ 'ದಿ ಓಲ್ಡ್ ಓಕ್' ಈ ತಕರಾರಿಗೆ ಅಷ್ಟು ಸುಲಭಕ್ಕೆ ಸಿಗಲ್ಲ. ಯಾಕಂದ್ರೆ ಇಲ್ಲಿನ ಜಗಳ ಬಡವರು ಬಡವರ ನಡುವೆಯೇ. ಬಹುಶಃ ಇದೇ ನನ್ನ ಕೊನೆಯ ಸಿನೆಮಾ ಅಂತ ಲೋಚ್ ಹೇಳಿಕೊಂಡಿದ್ದರು. ವಯಸ್ಸು ಎಂಬತ್ತಾರು ದಾಟಿತ್ತು. ಆ ವಯಸ್ಸಿನಲ್ಲಿ ಮನುಷ್ಯ ನಿರಾಶ್ರಿತರ ಬಗ್ಗೆ ಸಿನೆಮಾ ಮಾಡ್ತೀನಿ ಅಂತ ಹೊರಟು, ನಿರಾಶ್ರಿತರಿಗಿಂತ ಹೆಚ್ಚಾಗಿ ಅವರನ್ನ ಬೈಯುವವರನ್ನ ಅರ್ಥ ಮಾಡಿಕೊಂಡಿದ್ದಾರೆ. ಸಿನೆಮಾದ ಶಕ್ತಿ ಅದೇ. ಅದರ ಕೊರತೆಯೂ ಅಲ್ಲಿಂದಲೇ ಶುರು ಅಂತ ನನಗನ್ನಿಸೋದು.

ಕಥೆ 2016ರದ್ದು. ಇಂಗ್ಲೆಂಡಿನ ಈಶಾನ್ಯಕ್ಕೆ ಡರ್ಹಮ್ ಕೌಂಟಿ, ಅಲ್ಲೊಂದು ಹಳೇ ಕಲ್ಲಿದ್ದಲು ಗಣಿ ಊರು. 1984-85ರಲ್ಲಿ ವರ್ಷದುದ್ದ ನಡೆದ ಗಣಿ ಮುಷ್ಕರ ಸೋತಿತು, ತೊಂಬತ್ತರ ದಶಕದಲ್ಲಿ ಆ ಸೀಮೆಯ ಕೊನೆಯ ಗಣಿಗಳೂ ಮುಚ್ಚಿದವು. ನಮ್ಮ ಕೆಜಿಎಫ್ ನೋಡಿದವರಿಗೆ (ಯಶ್ ಸಿನೆಮಾ ಅಲ್ಲ, ಊರು) ಇದು ಬೇಗ ಅರ್ಥ ಆಗುತ್ತೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿ ಉಳಿದದ್ದು ಸೈನೈಡ್ ದಿಬ್ಬಗಳು, ಲೈನ್ ಮನೆಗಳು, ಮತ್ತೆ ಬೆಳಗಿನ ಜಾವ ಬೆಂಗಳೂರಿನ ಟ್ರೈನ್ ಹಿಡಿಯೋ ಜನ. ಇಂಥ ಊರಿಗೆ ಒಂದು ದಿನ ಬಸ್ಸಲ್ಲಿ ಸಿರಿಯಾದ ಕುಟುಂಬಗಳು ಬಂದಿಳಿಯುತ್ತವೆ. ಊರಿನವರಿಗೆ ಮೊದಲೇ ಯಾರೂ ಒಂದು ಮಾತು ಹೇಳಿಲ್ಲ. ಸಿರಿಯಾದ ಯಾರಾ ಅನ್ನೋ ಹುಡುಗಿ ಬಸ್ಸಿಂದಲೇ ಫೋಟೋ ತೆಗೀತಿರ್ತಾಳೆ. ಸಿಟ್ಟಿಗೆದ್ದ ಒಬ್ಬ ಅವಳ ಕ್ಯಾಮೆರಾ ಕಿತ್ತುಕೊಂಡು ಹಾಳು ಮಾಡ್ತಾನೆ.

ಓಲ್ಡ್ ಓಕ್ ಅನ್ನೋದು ಊರಿನ ಪಬ್ಬಿನ ಹೆಸರು. ಪಬ್ ಅಂದ ತಕ್ಷಣ ಇಂದಿರಾನಗರ ಕಲ್ಪಿಸಿಕೊಳ್ಳಬೇಡಿ. ಇದು ಅರಳೀಕಟ್ಟೆ ಥರದ ಜಾಗ. ನಾಲ್ಕು ಜನ ಕೂತು ಬೇರೆ ನಾಲ್ಕು ಜನರ ಬಗ್ಗೆ ಮಾತಾಡೋಕೆ ಊರಲ್ಲಿ ಉಳಿದಿರೋದು ಅದೊಂದೇ. ಮಾಲೀಕ ಟಿಜೆ ಬೋರ್ಡಿನಲ್ಲಿ ವಾಲಿಕೊಂಡಿರೋ ಕೊನೆಯ ಅಕ್ಷರವನ್ನ ಉದ್ದನೆಯ ಕೋಲಲ್ಲಿ ನೆಟ್ಟಗೆ ಮಾಡ್ತಾನೆ, ಅದು ಮತ್ತೆ ಜಾರುತ್ತೆ. ಟಿಜೆ ಪಾತ್ರ ಮಾಡಿದ ಡೇವ್ ಟರ್ನರ್ ನಿಜ ಜೀವನದಲ್ಲಿ ಅಗ್ನಿಶಾಮಕ ದಳದಲ್ಲಿದ್ದವರು. ಆ ದೃಶ್ಯದಲ್ಲಿ ಅವರು ನಟಿಸ್ತಿದ್ದಾರೆ ಅಂತಲೇ ಅನ್ನಿಸಲ್ಲ.

ನನಗೆ ಈ ಸಿನೆಮಾದಲ್ಲಿ ಮುಖ್ಯ ಅನ್ನಿಸೋ ಪಾತ್ರ ಟಿಜೆ ಅಲ್ಲ, ಯಾರಾ ಕೂಡ ಅಲ್ಲ. ಅದು ಚಾರ್ಲಿ. ಟಿಜೆಯ ಬಾಲ್ಯದ ಗೆಳೆಯ, ಪಬ್ಬಿನ ಕಾಯಂ ಗಿರಾಕಿ. ದುಡಿದ ದುಡ್ಡನ್ನೆಲ್ಲ ಸುರಿದು ಕೊಂಡ ಮನೆಗೆ ಈಗ ಕಿಮ್ಮತ್ತೇ ಇಲ್ಲ. ಎಲ್ಲೋ ಕೂತ ಕಂಪನಿಗಳು ಅಕ್ಕಪಕ್ಕದ ಮನೆಗಳನ್ನ ಕಣ್ಣಲ್ಲೂ ನೋಡದೆ ಹರಾಜಿನಲ್ಲಿ ಎತ್ತಿಕೊಂಡು ಬಾಡಿಗೆಗೆ ಬಿಟ್ಟಿವೆ. ಮಾರಿ ಹೋಗೋಣ ಅಂದ್ರೆ ಕೊಳ್ಳುವವರಿಲ್ಲ, ಇರೋಣ ಅಂದ್ರೆ ಬೀದಿ ಹಾಳು. ಅಷ್ಟರಲ್ಲಿ ಈ ಬಸ್ಸು. ಚಾರ್ಲಿ ಕಂಪನಿಯನ್ನ ಬೈಯಬೇಕಾದ ಬಾಯಲ್ಲಿ ಸಿರಿಯಾದವರನ್ನ ಬೈತಾನೆ, ಅದು ನಮಗೆ ಕಾಣುತ್ತೆ. ಆದರೆ ಅವನ ಲೆಕ್ಕ ತಪ್ಪು ಅಂತ ಹೇಳೋದು ಕಷ್ಟ. ಮೂವತ್ತು ವರ್ಷದಿಂದ ಈ ಊರಿಗೆ ಯಾವ ಸರ್ಕಾರವೂ ಏನೂ ಕಳಿಸಿಲ್ಲ. ಕೊನೆಗೂ ಏನಾದರೂ ಕಳಿಸಿತು ಅಂದ್ರೆ ಇನ್ನೂ ಕಷ್ಟದಲ್ಲಿರೋ ಜನರನ್ನ. ಸಾಹುಕಾರರ ಬಡಾವಣೆಗೆ ಯಾಕೆ ಕಳಿಸಲ್ಲ ಅಂತ ಚಾರ್ಲಿಯ ಗೆಳೆಯರು ಕೇಳಿದಾಗ ಸಿನೆಮಾದಲ್ಲಿ ಯಾರ ಹತ್ರವೂ ಉತ್ತರ ಇಲ್ಲ. ಸಿನೆಮಾದ ಹೊರಗೂ ನಾನು ಕೇಳಿಲ್ಲ.

ಪಬ್ಬಿನ ಹಿಂದೆ ಒಂದು ದೊಡ್ಡ ಕೋಣೆ, ವರ್ಷಗಟ್ಟಲೆಯಿಂದ ಬೀಗ. ನಮಗೊಂದು ಸಭೆ ಮಾಡೋಕೆ ಕೊಡು ಅಂತ ಚಾರ್ಲಿ ಗುಂಪು ಕೇಳುತ್ತೆ. ವೈರಿಂಗ್ ಸರಿ ಇಲ್ಲ, ಇನ್ಶೂರೆನ್ಸ್ ಇಲ್ಲ ಅಂತ ಟಿಜೆ ನುಣುಚಿಕೊಳ್ತಾನೆ. ಸಭೆಯಲ್ಲಿ ಎಂಥ ಮಾತು ಬರುತ್ತೆ ಅಂತ ಅವನಿಗೆ ಗೊತ್ತು. ಆಮೇಲೆ ಅದೇ ಕೋಣೆಯನ್ನ ರಿಪೇರಿ ಮಾಡಿ, ಸಿರಿಯಾದವರೂ ಊರಿನ ಬಡವರೂ ಒಟ್ಟಿಗೆ ಕೂತು ಉಣ್ಣೋಕೆ ತೆರೆದು ಕೊಡ್ತಾನೆ. ಗೋಡೆಯ ಮೇಲೆ ಮುಷ್ಕರದ ಕಾಲದ ಫೋಟೋಗಳು. ಜೊತೆಗೆ ಉಂಡವರು ಜೊತೆಗೆ ನಿಲ್ಲುತ್ತಾರೆ ಅನ್ನೋದು ಆ ಕಾಲದ ನಂಬಿಕೆ. ಚಾರ್ಲಿಗೆ ಇದು ಎದೆಗೆ ಒದ್ದ ಹಾಗಾಗುತ್ತೆ. ನಲವತ್ತು ವರ್ಷದ ಗೆಳೆಯರಿಗೆ ಇಲ್ಲದ ಕೋಣೆ, ಮೊನ್ನೆ ಬಂದವರಿಗೆ ಇದೆ. ಮುಂದೆ ಅವನು ಮಾಡೋ ಕೆಲಸ ನೀಚತನದ್ದೇ, ಅದನ್ನ ಇಲ್ಲಿ ಹೇಳಲ್ಲ. ಆದರೆ ಅವಮಾನ ಹೇಗೆ ದ್ವೇಷವಾಗಿ ಹೆಪ್ಪುಗಟ್ಟುತ್ತೆ ಅನ್ನೋದನ್ನ ಇಷ್ಟು ಹತ್ತಿರದಿಂದ ತೋರಿಸಿದ ಸಿನೆಮಾ ಇತ್ತೀಚೆಗೆ ನಾನು ನೋಡಿಲ್ಲ.

ಇಷ್ಟು ಬರೆದ ಮೇಲೆ ಲೋಚ್ ಜೊತೆ ಸ್ವಲ್ಪ ಜಗಳ ಆಡ್ಲೇಬೇಕು.

ಮೊದಲನೆಯದು ಈ ಊಟದ ವಿಷಯ. ಒಟ್ಟಿಗೆ ಉಂಡರೆ ಒಂದಾಗ್ತಾರೆ ಅನ್ನೋದು ಯುರೋಪಿನ ಕಾರ್ಮಿಕ ಚಳವಳಿಯ ಅನುಭವ ಇರಬಹುದು. ನಾನು ಬೆಳೆದ ಕಡೆ ಯಾರು ಯಾರ ಪಂಕ್ತಿಯಲ್ಲಿ ಕೂರ್ತಾರೆ ಅನ್ನೋದೇ ಜಗಳದ ಮೂಲ. ಊರಹಬ್ಬದಲ್ಲಿ ಒಂದೇ ಒಲೆಯಲ್ಲಿ ಬೆಂದ ಅನ್ನವನ್ನ ಮೂರು ಜಾಗದಲ್ಲಿ ಬಡಿಸಿದ್ದನ್ನ ಕಂಡವನಿಗೆ, ಪರದೆಯ ಮೇಲೆ ಉದ್ದನೆಯ ಟೇಬಲ್ ಕಂಡಾಗ ಇವರ ಪಕ್ಕ ಇವರನ್ನ ಯಾರು ಕೂರಿಸಿದರು ಅನ್ನೋ ಪ್ರಶ್ನೆ ಬರುತ್ತೆ. ಲೋಚ್ ಅದನ್ನ ತೋರಿಸಲ್ಲ. ಮೊದಲ ದಿನ ಯಾರು ಎದ್ದು ಹೋದರು, ಯಾರು ತಟ್ಟೆ ಮುಟ್ಟಲಿಲ್ಲ? ಕಷ್ಟದ ಕೆಲಸ ಇರೋದೇ ಅಲ್ಲಿ.

ಎರಡನೆಯದು ಸಾವು. ಸಿನೆಮಾದ ಕೊನೆಯ ಭಾಗದಲ್ಲಿ ಸಿರಿಯಾದ ಜೈಲಿನಲ್ಲಿದ್ದ ಯಾರಾಳ ಅಪ್ಪ ತೀರಿಕೊಂಡ ಸುದ್ದಿ ಬರುತ್ತೆ. ಊರಿನ ಜನ ಒಬ್ಬೊಬ್ಬರಾಗಿ ಹೂವು ಹಿಡಿದು ಅವರ ಬಾಗಿಲಿಗೆ ಬರ್ತಾರೆ. ನನಗೂ ಕಣ್ಣು ತುಂಬಿತು, ಸುಳ್ಳು ಹೇಳಲ್ಲ. ಆದರೆ ಸಾವಿನ ಮನೆಗೆ ಶತ್ರುವೂ ಬರ್ತಾನೆ. ಹಳ್ಳಿಯಲ್ಲಿ ಹುಟ್ಟಿದ ಯಾರಿಗಾದರೂ ಇದು ಗೊತ್ತು. ಕೋರ್ಟಲ್ಲಿ ಕೇಸು ನಡೀತಿದ್ದರೂ ದಾಯಾದಿ ಬಂದು ಹೆಗಲು ಕೊಡ್ತಾನೆ. ತಿಥಿ ಮುಗಿದು ಎಲೆ ಎತ್ತಿದ ಮೇಲೆ ಬದುವಿನ ಕಲ್ಲು ಎಲ್ಲಿತ್ತೋ ಅಲ್ಲೇ ಇರುತ್ತೆ. ಲೋಚ್ ಆ ಹೂವುಗಳನ್ನೇ ರಾಜಿ ಅಂದುಕೊಂಡು, ಅಲ್ಲಿಂದ ನೇರ ಡರ್ಹಮ್ ಗಣಿ ಕಾರ್ಮಿಕರ ವಾರ್ಷಿಕ ಮೆರವಣಿಗೆಗೆ ನಮ್ಮನ್ನ ಕರ್ಕೊಂಡು ಹೋಗ್ತಾರೆ. ಚಾರ್ಲಿಯ ಮನೆಯ ಬೆಲೆ ಏನಾಯ್ತು ಅಂತ ಕೇಳೋರಿಲ್ಲ.

ಮೂರನೆಯದೇ ನಿಜವಾದ ಜಗಳ. ಈ ಸಿನೆಮಾದ ಸಿರಿಯಾದವರಲ್ಲಿ ಒಂದೇ ಒಂದು ದೋಷ ಇಲ್ಲ. ಯಾರಾ ಚೆನ್ನಾಗಿ ಇಂಗ್ಲಿಷ್ ಮಾತಾಡ್ತಾಳೆ, ಫೋಟೋ ತೆಗೀತಾಳೆ, ಹಸಿದು ತಲೆ ಸುತ್ತಿ ಬಿದ್ದ ಊರಿನ ಹುಡುಗಿಯನ್ನ ಮನೆಗೆ ಬಿಟ್ಟು ಬರ್ತಾಳೆ. ಹೆಂಗಸರು ಅಡುಗೆ ಮಾಡಿ ಬಡಿಸ್ತಾರೆ. ಮಕ್ಕಳು ಮುದ್ದಾಗಿವೆ. ಇವರು ಬಂದ ದಾರಿಯೂ ನೇರ. 2015ರಲ್ಲಿ ಡೇವಿಡ್ ಕ್ಯಾಮರೂನ್ ಸರ್ಕಾರ 2020ರೊಳಗೆ 20,000 ಸಿರಿಯನ್ನರನ್ನ ಕರೆಸಿಕೊಳ್ತೀವಿ ಅಂತ ಘೋಷಿಸಿತ್ತು. ಆ ಯೋಜನೆಯಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಆರಿಸಿದ ಕುಟುಂಬಗಳು ವಿಮಾನದಲ್ಲಿ, ಕಾಗದಪತ್ರ ಸಮೇತ ಬಂದವು. ಬಂದ ದಿನದಿಂದಲೇ ಕೆಲಸ ಮಾಡೋ ಹಕ್ಕೂ ಇತ್ತು.

ಆದರೆ ಸಿನೆಮಾ ಬಿಡುಗಡೆಯಾದ 2023ರಲ್ಲಿ ಬ್ರಿಟನ್ ಇಡೀ ಕೂಗಾಡ್ತಿದ್ದದ್ದು ಬೇರೆ ಜನರ ಬಗ್ಗೆ. ಫ್ರಾನ್ಸಿನ ದಡದಿಂದ ಗಾಳಿ ತುಂಬಿದ ರಬ್ಬರ್ ದೋಣಿಗಳಲ್ಲಿ 2022ರ ಒಂದೇ ವರ್ಷದಲ್ಲಿ 45 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಹೆಚ್ಚಿನವರು ಒಂಟಿ ಗಂಡಸರು, ವಯಸ್ಸಿನ ಹುಡುಗರು. ಅವರಿಗೆ ಇಂಗ್ಲಿಷ್ ಬರದೇ ಇರಬಹುದು, ಸಿಗರೇಟ್ ಸೇದಬಹುದು, ಹೋಟೆಲ್ ಮುಂದೆ ಕೆಲಸ ಇಲ್ಲದೆ ನಿಂತಿರಬಹುದು. ಅರ್ಜಿ ಇತ್ಯರ್ಥ ಆಗೋವರೆಗೆ ಕೆಲಸ ಮಾಡೋ ಹಾಗಿಲ್ಲ. ವರ್ಷ ಕಳೆದರೆ ಕೆಲವೇ ಕೆಲವು ಬಗೆಯ ಕೆಲಸಕ್ಕೆ ಅನುಮತಿ ಕೇಳಬಹುದು, ಅಷ್ಟೆ. 2024ರಲ್ಲಿ ಊಟ ಸಹಿತ ಹೋಟೆಲಲ್ಲಿ ಇಟ್ಟವರಿಗೆ ವಾರದ ಕೈಖರ್ಚು 8.86 ಪೌಂಡ್. ಕೆಲಸ ಮಾಡೋಕೆ ಬಿಡದೆ, ಆಮೇಲೆ ಸೋಮಾರಿಗಳು ಅಂತ ಬೈಯೋ ವ್ಯವಸ್ಥೆ ಇದು. ಯಾರಾಳನ್ನ ಪ್ರೀತಿಸೋಕೆ ದೊಡ್ಡ ಮನಸ್ಸೇನೂ ಬೇಕಾಗಿಲ್ಲ. ಬೀದಿ ತುದಿಯಲ್ಲಿ ಸುಮ್ಮನೆ ನಿಂತ ಇಪ್ಪತ್ತೈದರ ಗಂಡಸನ್ನ ಮನುಷ್ಯ ಅಂತ ನೋಡೋಕೆ ಬೇಕು. ಅವನು ಲೋಚ್ ಸಿನೆಮಾದಲ್ಲಿ ಇಲ್ಲ.

ಮರುವರ್ಷವೇ ಅವನ ವಿಷಯಕ್ಕೆ ಬೆಂಕಿ ಬಿತ್ತು. 2024ರ ಜುಲೈ 29ರಂದು ಸೌತ್‌ಪೋರ್ಟ್ ಊರಲ್ಲಿ ಡ್ಯಾನ್ಸ್ ಕ್ಲಾಸಿಗೆ ಬಂದಿದ್ದ ಮೂವರು ಹೆಣ್ಣುಮಕ್ಕಳ ಕೊಲೆಯಾಯ್ತು. ಕೊಂದವನು ದೋಣಿಯಲ್ಲಿ ಬಂದ ಆಶ್ರಯಾರ್ಥಿ ಅಂತ ಸುಳ್ಳು ಹಬ್ಬಿತು. ಅವನು ಹುಟ್ಟಿದ್ದು ಬ್ರಿಟನ್ನಿನ ಕಾರ್ಡಿಫ್‌ನಲ್ಲಿ. ಅಷ್ಟರಲ್ಲಿ ಊರೂರಲ್ಲಿ ದೊಂಬಿ. ಆಗಸ್ಟ್ 4ರಂದು ರಾಥರ್‌ಹ್ಯಾಮ್ ಬಳಿಯ ಮ್ಯಾನ್ವರ್ಸ್‌ನಲ್ಲಿ ಆಶ್ರಯಾರ್ಥಿಗಳು ಒಳಗಿದ್ದ ಹೋಟೆಲಿಗೇ ಬೆಂಕಿ ಹಚ್ಚೋಕೆ ನೋಡಿದರು. ಮ್ಯಾನ್ವರ್ಸ್ ಅಂದರೆ ಹಿಂದೆ ದೊಡ್ಡ ಕಲ್ಲಿದ್ದಲು ಗಣಿ ಇದ್ದ ಜಾಗ. ಗಣಿ ಮುಚ್ಚಿದ ಮೇಲೆ ನೆಲ ಸಮ ಮಾಡಿ ಗೋಡೌನು, ಕಾಲ್ ಸೆಂಟರು, ಹೋಟೆಲು ಕಟ್ಟಿದರು. ಲೋಚ್ ಚಾರ್ಲಿಯನ್ನ ಎಷ್ಟು ಸರಿಯಾಗಿ ಓದಿದ್ದರು ಅಂತ ಆ ಸುದ್ದಿ ನೋಡುವಾಗ ಅನ್ನಿಸಿತು. ಹೂವು ಹಿಡಿದು ಬಂದ ಊರನ್ನ ಎಷ್ಟು ನಂಬಿದ್ದರು ಅಂತಲೂ.

ಇದು ಇಂಗ್ಲೆಂಡಿನ ಕಾಯಿಲೆ ಅಂತ ಬಿಟ್ಟುಬಿಡೋ ಹಾಗಿಲ್ಲ. ಗಾಳಿಮಾತೇ ಸಾಕ್ಷಿಯಾಗೋದು ಇಲ್ಲೂ ನಡೆದಿದೆ. 2020ರ ಜನವರಿಯಲ್ಲಿ ಬೆಳ್ಳಂದೂರು ಪಕ್ಕದ ಕರಿಯಮ್ಮನ ಅಗ್ರಹಾರದಲ್ಲಿ, ಅಕ್ರಮ ಬಾಂಗ್ಲಾದೇಶಿಗಳು ಅನ್ನೋ ಆರೋಪದ ಮೇಲೆ ಟಾರ್ಪಾಲು-ತಗಡಿನ ಗುಡಿಸಲುಗಳನ್ನ ಜೆಸಿಬಿ ತಂದು ಕೆಡವಿದರು. ಅಲ್ಲಿದ್ದವರ ಹತ್ರ ಆಧಾರ್ ಇತ್ತು, ವೋಟರ್ ಐಡಿ ಇತ್ತು. ಅಸ್ಸಾಂ, ತ್ರಿಪುರಾ, ಬಂಗಾಳದವರ ಜೊತೆ ನಮ್ಮದೇ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟ್ ಆಮೇಲೆ ಅದನ್ನ ತಪ್ಪು ಅಂದು, ಪುನರ್ವಸತಿ ಕೊಡಿ ಅಂತು. ನಮ್ಮ ಟೆಕ್ ಪಾರ್ಕುಗಳಿಂದ ಅದು ಎರಡು ಸಿಗ್ನಲ್ ದೂರ. ಅವರ ಮುಖ ನೋಡಿ ದೇಶ ಹೇಳಿದವರು ನಮ್ಮಂಥವರೇ.

ಯುಕೆಯಲ್ಲಿರೋ ಗೆಳೆಯರ ಜೊತೆ ಈ ವಿಷಯ ತೆಗೆದರೆ ಮಾತು ಬೇಗ ಬಿಸಿಯಾಗುತ್ತೆ. ನಾವು ಕ್ಯೂನಲ್ಲಿ ನಿಂತು ಬಂದವರು, ವೀಸಾ ಫೀಸು ಕಟ್ಟಿದವರು, ವರ್ಷಕ್ಕೆ 1,035 ಪೌಂಡ್ ಆರೋಗ್ಯ ಸರ್ಚಾರ್ಜ್ ಬೇರೆ ಕೊಡ್ತೀವಿ, ಇವರು ನುಗ್ಗಿ ಬಂದರು ಅನ್ನೋದು ಅವರ ದೂರು. ದುಡ್ಡಿನ ನೋವು ನಿಜ. ಆದರೆ ಆ ಇನ್ನೊಬ್ಬನಿಗೆ ನಿಲ್ಲೋಕೆ ಕ್ಯೂನೇ ಇಲ್ಲ. ಆಶ್ರಯ ಕೇಳೋಕೆ ಅಂತ ಬ್ರಿಟನ್ ಯಾವ ವೀಸಾವನ್ನೂ ಕೊಡಲ್ಲ, ಆ ನೆಲದ ಮೇಲೆ ಕಾಲಿಟ್ಟ ಮೇಲೇ ಅರ್ಜಿ ಹಾಕಬೇಕು. ಕಾಲಿಡೋದು ಹೇಗೆ ಅಂತ ಕೇಳಬಾರದು. ಅಂದ ಹಾಗೆ, 2022ರಲ್ಲಿ ರಿಷಿ ಸುನಕ್ ಪ್ರಧಾನಿಯಾದಾಗ ಕರ್ನಾಟಕದ ಅಳಿಯ ಅಂತ ನಾವು ಸಂಭ್ರಮಿಸಿದ್ವಿ, ನೆನಪಿರಬೇಕು. ಮರುವರ್ಷದ ಜನವರಿಯಲ್ಲಿ ಆ ಅಳಿಯ ದೇಶಕ್ಕೆ ಕೊಟ್ಟ ಐದು ಭರವಸೆಗಳಲ್ಲಿ ಒಂದು, ದೋಣಿಗಳನ್ನ ನಿಲ್ಲಿಸ್ತೀನಿ ಅನ್ನೋದು. ಅವರ ಅಪ್ಪ-ಅಮ್ಮ ಪೂರ್ವ ಆಫ್ರಿಕಾದಿಂದ ಬ್ರಿಟನ್ನಿಗೆ ಬಂದವರು. ಮೊದಲು ಹತ್ತಿದವರು ಬಸ್ಸಿನ ಬಾಗಿಲು ಹಾಕಿ ಅನ್ನೋದು ನಮ್ಮ ಕೆಎಸ್ಸಾರ್ಟಿಸಿಯಲ್ಲೂ ದಿನಾ ನಡೆಯುತ್ತೆ.

ನಮ್ಮ ಸಿನೆಮಾಗಳು ಈ ವಿಷಯವನ್ನ ಮುಟ್ಟಿಲ್ಲ ಅಂತಲ್ಲ. ಅದೇ 2023ರ ಡಿಸೆಂಬರಿನಲ್ಲಿ ರಾಜ್‌ಕುಮಾರ್ ಹಿರಾನಿಯ 'ಡಂಕಿ' ಬಂತು, ನಿಮ್ಮಲ್ಲಿ ಬಹಳ ಜನ ನೋಡಿರ್ತೀರಿ. ಪಂಜಾಬಿನ ಹಳ್ಳಿಯ ಹುಡುಗರು ವೀಸಾ ಸಿಗದೆ ಕಳ್ಳದಾರಿಯಲ್ಲಿ ಲಂಡನ್ ಸೇರ್ತಾರೆ, ಸಿಕ್ಕಿಬೀಳ್ತಾರೆ. ಭಾರತದಲ್ಲಿ ನಮ್ಮ ಜೀವಕ್ಕೆ ಅಪಾಯ ಇದೆ ಅಂತ ಕೋರ್ಟಲ್ಲಿ ಹೇಳಿದ್ರೆ ಆಶ್ರಯ ಸಿಗುತ್ತೆ. ಗೆಳೆಯರು ಹಾಗೇ ಹೇಳಿ ಉಳ್ಕೊಳ್ತಾರೆ. ಶಾರುಖ್ ಖಾನ್ ಮಾತ್ರ ನನ್ನ ದೇಶದ ಬಗ್ಗೆ ಸುಳ್ಳು ಹೇಳಲ್ಲ ಅಂತಾನೆ. ಥಿಯೇಟರಲ್ಲಿ ಶಿಳ್ಳೆ.

ನನಗೆ ಆ ಶಿಳ್ಳೆಯೇ ಕುತೂಹಲ. ಒಂದು ಗಂಟೆ ಹೊತ್ತು ಇದೇ ಸಿನೆಮಾ ಆ ಹುಡುಗರ ಸಾಲ, ಒತ್ತೆ ಬಿದ್ದ ಮನೆ, ಇಂಗ್ಲಿಷ್ ಬರದ ಅವಮಾನ ಎಲ್ಲ ತೋರಿಸಿ ನಮ್ಮನ್ನ ಅವರ ಪಕ್ಷಕ್ಕೆ ಸೆಳೆದಿತ್ತು. ಕೋರ್ಟಿಗೆ ಬಂದ ತಕ್ಷಣ ಆ ಕಷ್ಟಗಳಿಗೆ ಬೆಲೆ ಇಲ್ಲ. ಅಲ್ಲಿ ಎರಡೇ ದಾರಿ, ಒಂದು ಸುಳ್ಳು, ಇನ್ನೊಂದು ದೇಶಭಕ್ತಿ. ನನ್ನ ಮನೆ ಒತ್ತೆ ಇದೆ, ಅದನ್ನ ಬಿಡಿಸಬೇಕು, ಕೆಲಸ ಕೊಡಿ ಅಂತ ಜಡ್ಜ್ ಮುಂದೆ ಹೇಳೋ ಮೂರನೇ ದಾರಿ ಹಿರಾನಿಗೆ ಹೊಳೆಯೋದೇ ಇಲ್ಲ. ಸುಳ್ಳು ಹೇಳಿ ಉಳಿದವರನ್ನ ಕಾಲು ಶತಮಾನ ಊರ ನೆನಪಲ್ಲಿ ಕೊರಗಿಸಿ, ವಾಪಸ್ ಬರೋಕೂ ಆಗದ ಹಾಗೆ ಮಾಡಿ ಸಿನೆಮಾ ಶಿಕ್ಷೆ ಕೊಡುತ್ತೆ. ಹೊಟ್ಟೆಪಾಡಿಗೆ ಹೋದವರನ್ನ ಹೀಗೆ ಬುದ್ಧಿ ಹೇಳಿ ವಾಪಸ್ ಕಳಿಸೋ ಸಿನೆಮಾವನ್ನ, ಎಲ್1 ವೀಸಾ ಸ್ಟಾಂಪಿಂಗಿಗೆ ಡೇಟ್ ಕಾಯ್ತಾ ಕೂತ ನಾವು ನೋಡಿ ಶಿಳ್ಳೆ ಹೊಡೆದ್ವಿ.

ಮೂರನೇ ದಾರಿಯನ್ನ ತೋರಿಸಿದ್ದು ಬೋರಿಸ್ ಲೋಜ್ಕಿನ್ ಅವರ ಫ್ರೆಂಚ್ ಸಿನೆಮಾ, 2024ರ 'ಸುಲೇಮಾನ್ಸ್ ಸ್ಟೋರಿ'. ಪಶ್ಚಿಮ ಆಫ್ರಿಕಾದ ಗಿನಿ ದೇಶದ ಸುಲೇಮಾನ್ ಪ್ಯಾರಿಸ್ಸಿನಲ್ಲಿ ಸೈಕಲ್ ಮೇಲೆ ಊಟ ಡೆಲಿವರಿ ಮಾಡ್ತಾನೆ. ಆಶ್ರಯದ ಇಂಟರ್‌ವ್ಯೂಗೆ ಇನ್ನು ಎರಡೇ ದಿನ. ಅವನಿಗೆ ಕೆಲಸ ಮಾಡೋ ಹಕ್ಕಿಲ್ಲ, ಹಾಗಾಗಿ ಆ್ಯಪಿನ ಖಾತೆ ಇನ್ನೊಬ್ಬನದು, ಬಾಡಿಗೆಗೆ ತಗೊಂಡಿದ್ದಾನೆ. ಆ್ಯಪ್ ಆಗಾಗ ಸೆಲ್ಫಿ ಕೇಳುತ್ತೆ. ಕೇಳಿದಾಗೆಲ್ಲ ಸುಲೇಮಾನ್ ಟ್ರಾಫಿಕ್ಕಿನಲ್ಲಿ ಸೈಕಲ್ ತುಳ್ಕೊಂಡು ಖಾತೆಯ ಮಾಲೀಕ ಇರೋ ಕಡೆ ಹೋಗಿ, ಅವನ ಮುಖಕ್ಕೆ ಫೋನ್ ಹಿಡೀಬೇಕು. ಫೇಸ್ ವೆರಿಫಿಕೇಶನ್ ಅನ್ನೋ ಫೀಚರ್ ಬಗ್ಗೆ ಮೀಟಿಂಗಿನಲ್ಲಿ ಕೂತು ಚರ್ಚೆ ಮಾಡಿದವರು ಈ ದೃಶ್ಯವನ್ನ ಒಮ್ಮೆ ನೋಡಬೇಕು. ನಾವು ಬರೆಯೋ ಎಡ್ಜ್ ಕೇಸ್‌ಗಳಲ್ಲಿ ಈ ಸೈಕಲ್ ಯಾವತ್ತೂ ಬಂದಿಲ್ಲ.

ಸುಲೇಮಾನ್ ಬಾಡಿಗೆಗೆ ತಗೊಂಡದ್ದು ಖಾತೆಯನ್ನ ಮಾತ್ರ ಅಲ್ಲ. ಕಥೆಯನ್ನೂ ದುಡ್ಡು ಕೊಟ್ಟು ತಗೊಂಡಿದ್ದಾನೆ. ಬ್ಯಾರಿ ಅನ್ನೋ ಅವನ ದೇಶದವನೇ ಒಬ್ಬ, ಆಶ್ರಯಕ್ಕೆ ಒಪ್ಪಿಗೆಯಾಗೋ ಕಥೆ ಮಾರ್ತಾನೆ. ವಿರೋಧ ಪಕ್ಷದ ಸದಸ್ಯನಾಗಿದ್ದೆ, ಪ್ರತಿಭಟನೆಗೆ ಹೋಗಿದ್ದೆ, ಜೈಲಿಗೆ ಹಾಕಿದರು. ತಾರೀಕು, ಜಾಗ, ಪಕ್ಷದ ನಾಯಕರ ಹೆಸರು, ಎಲ್ಲ ಬಾಯಿಪಾಠ. ಡೆಲಿವರಿ ಮಾಡ್ತಾ, ರಾತ್ರಿ ಆಶ್ರಯ ಕೇಂದ್ರದ ಬಸ್ಸಲ್ಲಿ ಕೂತು, ಪರೀಕ್ಷೆಗೆ ಓದೋ ಹುಡುಗನ ಹಾಗೆ ಸುಳ್ಳನ್ನ ಉರು ಹೊಡೀತಾನೆ.

ಯಾಕೆ ಸುಳ್ಳು? ಯಾಕಂದ್ರೆ 1951ರ ನಿರಾಶ್ರಿತರ ಒಪ್ಪಂದದಲ್ಲಿ ಕಾರಣಗಳು ಐದೇ. ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರೋದು, ರಾಜಕೀಯ ಅಭಿಪ್ರಾಯ. ಈ ಐದರಲ್ಲಿ ಒಂದಕ್ಕಾಗಿ ನಿನ್ನ ದೇಶದಲ್ಲಿ ನಿನಗೆ ಹಿಂಸೆಯ ಭಯ ಇದ್ದರೆ ನೀನು ನಿರಾಶ್ರಿತ. ಎರಡನೇ ಮಹಾಯುದ್ಧ ಮುಗಿದ ಹೊತ್ತಲ್ಲಿ ಯುರೋಪಿನ ನಿರಾಶ್ರಿತರನ್ನ ಮನಸ್ಸಲ್ಲಿಟ್ಟುಕೊಂಡು ಬರೆದ ಪಟ್ಟಿ ಅದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಐದು ಆಯ್ಕೆ ಇರೋ ಡ್ರಾಪ್‌ಡೌನ್, 'ಇತರೆ' ಅನ್ನೋದು ಇಲ್ಲ, ಖಾಲಿ ಬಿಟ್ಟರೆ ಸಬ್‌ಮಿಟ್ ಆಗಲ್ಲ. ಅಂಥ ಫಾರಂ ಕೊಟ್ಟರೆ ಯೂಸರ್ ಏನು ಮಾಡ್ತಾನೆ ಅಂತ ನಮಗೆಲ್ಲ ಗೊತ್ತು. ಹತ್ತಿರ ಅನ್ನಿಸಿದ್ದನ್ನ ಒತ್ತಿ ಮುಂದೆ ಹೋಗ್ತಾನೆ. ಆಮೇಲೆ ಡೇಟಾ ನೋಡಿ ಯೂಸರ್‌ಗಳೆಲ್ಲ ಸುಳ್ಳರು ಅಂತ ಹೇಳಿದ್ರೆ ಯಾವ ಟೆಸ್ಟರ್ ಒಪ್ತಾನೆ?

ಪಟ್ಟಿಯೇ ಬೇಡ ಅಂತ ನಾನು ಹೇಳ್ತಿಲ್ಲ. ಪಟ್ಟಿ ಸಡಿಲ ಮಾಡಿದರೆ ನಿಜಕ್ಕೂ ಪ್ರಾಣ ಉಳಿಸಿಕೊಳ್ಳೋಕೆ ಓಡಿ ಬಂದವನಿಗೆ ಇರೋ ರಕ್ಷಣೆಯೂ ಹೋಗುತ್ತೆ ಅನ್ನೋ ವಾದ ಇದೆ, ಅದು ಗಟ್ಟಿಯಾದದ್ದೇ. ಚಾರ್ಲಿಯಂಥವರ ಊರುಗಳು ಎಷ್ಟು ಜನರನ್ನ ಹೊರಬಲ್ಲವು ಅನ್ನೋದೂ ಕೇಳಬೇಕಾದ ಪ್ರಶ್ನೆಯೇ. ನನ್ನ ತಕರಾರು ಇರೋದು ಪಟ್ಟಿಯ ಹೊರಗೆ ಬಿದ್ದವನಿಗೆ ನಾವು ಕೊಡೋ ಹೆಸರಿನ ಬಗ್ಗೆ. ಕಳ್ಳ, ನಕಲಿ, ಬಿಟ್ಟಿ ಊಟಕ್ಕೆ ಬಂದವನು. ನಾನು ಊರು ಬಿಟ್ಟದ್ದಕ್ಕೆ ಈ ಐದರಲ್ಲಿ ಒಂದೂ ಕಾರಣ ಅಲ್ಲ. ಬೋರ್‌ವೆಲ್ ಬತ್ತಿತ್ತು, ಬಿಇ ಸೀಟು ಸಿಕ್ಕಿತ್ತು, ಬೆಂಗಳೂರಿಗೆ ಬಸ್ಸಿತ್ತು, ಬಂದೆ. ನಡುವೆ ಗಡಿ ಇರಲಿಲ್ಲ ಅನ್ನೋದೊಂದೇ ನನ್ನ ಪುಣ್ಯ. ಗಡಿ ಇದ್ದು, ಅದರ ಗೇಟಲ್ಲಿ ಒಬ್ಬ ಅಧಿಕಾರಿ ಕೂತು ನಿನ್ನ ಜೀವಕ್ಕೇನಾದರೂ ಅಪಾಯ ಇತ್ತಾ ಅಂತ ಕೇಳಿದ್ದರೆ, ಇಲ್ಲ ಸಾರ್, ತೆಂಗು ಒಣಗ್ತಿತ್ತು ಅನ್ನಬೇಕಾಗಿತ್ತು.

ಸುಲೇಮಾನನ ಇಂಟರ್‌ವ್ಯೂ ಸಿನೆಮಾದ ಕೊನೆಗೆ ಬರುತ್ತೆ. ಅಲ್ಲಿಯವರೆಗೆ ಸೈಕಲ್ ಜೊತೆ ಓಡ್ತಿದ್ದ ಕ್ಯಾಮೆರಾ ಒಂದು ಸಣ್ಣ ಕೋಣೆಯಲ್ಲಿ ಕೂತುಬಿಡುತ್ತೆ. ಎದುರಿಗೆ ಒಬ್ಬ ಮಹಿಳಾ ಅಧಿಕಾರಿ, ಮುಂದೆ ಕಂಪ್ಯೂಟರ್. ಲೋಚ್ ಆಗಿದ್ದರೆ ಆಕೆಯನ್ನ ಕಲ್ಲೆದೆಯವಳನ್ನಾಗಿ ಮಾಡ್ತಿದ್ದರೇನೋ. ಇಲ್ಲಿ ಆಕೆ ಸೌಮ್ಯ ಸ್ವಭಾವದವಳು, ನೀರು ಬೇಕಾ ಅಂತ ಕೇಳೋ ಥರದವಳು. ನೀನಾ ಮೆರೀಸ್ ಆ ಪಾತ್ರ ಮಾಡಿದ್ದಾರೆ, ಇಡೀ ಹೊತ್ತು ಟೈಪ್ ಮಾಡ್ತಾ ಇರ್ತಾರೆ, ಆ ಕೀಬೋರ್ಡಿನ ಶಬ್ದ ಸಿನೆಮಾ ಮುಗಿದ ಮೇಲೂ ಕಿವಿಯಲ್ಲಿತ್ತು. ಉರು ಹೊಡೆದದ್ದನ್ನೆಲ್ಲ ಅವನು ಒಪ್ಪಿಸ್ತಾನೆ. ಆಕೆ ಇದೇ ಕಥೆಯನ್ನ ಇದೇ ಮಾತುಗಳಲ್ಲಿ ಎಷ್ಟೋ ಸಲ ಕೇಳಿದ್ದಾಳೆ. ಗದರಿಸಲ್ಲ. ನಿಜ ಹೇಳು, ಯಾಕೆ ಬಂದೆ ಅಂತ ಕೇಳ್ತಾಳೆ.

ಆಗ ಅವನು ಹೇಳೋಕೆ ಶುರು ಮಾಡ್ತಾನೆ. ಊರಲ್ಲಿ ಅಮ್ಮ ಇದ್ದಾಳೆ, ಮಾನಸಿಕ ಕಾಯಿಲೆ. ಅವಳ ಚಿಕಿತ್ಸೆಗೆ ದುಡ್ಡು ಬೇಕಿತ್ತು. ದುಡಿಯೋಕೆ ಅಂತ ಹೊರಟವನು ಅಲ್ಜೀರಿಯಾ, ಲಿಬಿಯಾ ದಾಟಿ, ದಾರಿಯಲ್ಲಿ ಪಟ್ಟ ಪಾಡು. ಈ ಕಥೆ ಪಕ್ಷದ, ಜೈಲಿನ ಕಥೆಗಿಂತ ಭೀಕರ. ಆದರೆ ಡ್ರಾಪ್‌ಡೌನಿನಲ್ಲಿ ಇಲ್ಲ. ಅಧಿಕಾರಿಗೂ ಗೊತ್ತು, ಅವನಿಗೂ ಗೊತ್ತು. ಆಕೆ ಅದನ್ನೂ ಟೈಪ್ ಮಾಡಿಕೊಳ್ತಾಳೆ. ಸುಲೇಮಾನ್ ಎದ್ದು ಹೊರಗೆ ಹೋಗ್ತಾನೆ. ಏನು ತೀರ್ಮಾನ ಆಯ್ತು ಅಂತ ಸಿನೆಮಾ ಹೇಳಲ್ಲ.

ಸುಲೇಮಾನ್ ಸಂತ ಏನಲ್ಲ. ಸುಳ್ಳು ಹೇಳ್ತಾನೆ, ನಿಯಮ ಮುರೀತಾನೆ. ಡರ್ಹಮ್ಮಿನ ಆ ಊಟದ ಟೇಬಲ್ಲಿಗೆ ಇವನು ಬಂದು ಕೂತಿದ್ದರೆ ಏನಾಗ್ತಿತ್ತು ಅಂತ ನೋಡೋ ಆಸೆ ನನಗೆ. ಚಾರ್ಲಿಗೂ ಇವನಿಗೂ ಮಾತು ಕೂಡಿ ಬರ್ತಿತ್ತೇನೋ. ಇಬ್ಬರೂ ಮನೆಯ ಲೆಕ್ಕಾಚಾರದಲ್ಲೇ ಸೋತವರು.

ಸುಲೇಮಾನನ ಪಾತ್ರ ಮಾಡಿದ ಅಬು ಸಂಗಾರೆ ನಟರೇ ಅಲ್ಲ. ಗಿನಿಯಿಂದ ಬಂದು ಫ್ರಾನ್ಸಿನ ಅಮಿಯೆನ್ಸ್ ಊರಲ್ಲಿ ಮೆಕ್ಯಾನಿಕ್ ಕೆಲಸ ಕಲಿತವರು. 2024ರಲ್ಲಿ ಕಾನ್ ಚಿತ್ರೋತ್ಸವದ 'ಅನ್ ಸರ್ಟನ್ ರಿಗಾರ್ಡ್' ವಿಭಾಗದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ತಗೊಂಡಾಗ ಅವರ ಹತ್ರ ಫ್ರಾನ್ಸಿನಲ್ಲಿ ಇರೋಕೆ ಕಾಗದ ಇರಲಿಲ್ಲ. ಅರ್ಜಿ ಮೂರು ಸಲ ತಿರಸ್ಕಾರ ಆಗಿತ್ತು, ದೇಶ ಬಿಡಿ ಅನ್ನೋ ಆದೇಶವೂ ಇತ್ತು. 2025ರ ಜನವರಿಯಲ್ಲಿ ಕೊನೆಗೂ ಕಾಗದ ಸಿಕ್ಕಿತು. ಒಂದು ವರ್ಷದ ಪರ್ಮಿಟ್, ನಿರಾಶ್ರಿತ ಅಂತ ಅಲ್ಲ, ನಟ ಅಂತಲೂ ಅಲ್ಲ. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಕೆಲಸ ಮಾಡೋಕೆ.